ಒಳ್ಳೆಯವಳನ್ನು ಕೆಟ್ಟವಳು ಮಾಡಿದವರು ಯಾರು?

1

ಸಂಜೆ ಆರೂವರೆ ಆದರೆ ಸಾಕು, ಊರಲ್ಲೂ ಕೇರಿಯಲ್ಲೂ ಹೆಂಗಸರು ಟಿ.ವಿ. ಮುಂದೆ ಕೂರುತ್ತಾರೆ. ಗಂಡಸರೂ ಕೂರುತ್ತಾರೆ, ಕೂತಿಲ್ಲ ಅಂತ ಹೇಳಿಕೊಳ್ಳುತ್ತಾರೆ. ಪರದೆಯ ಮೇಲೆ ಒಬ್ಬಳು ಬಂದ ಕೂಡಲೇ ಶಾಪ ಶುರು: ‘ಇವಳ ಮನೆ ಹಾಳಾಗ!’ ಹಾಗೆ ಶಾಪ ತಿನ್ನುವವಳು ಎಷ್ಟೋ ಸಲ ಆರು ತಿಂಗಳ ಹಿಂದೆ ಇದೇ ಜನರಿಂದ ‘ಅಯ್ಯೋ ಪಾಪ’ ಅನ್ನಿಸಿಕೊಂಡವಳೇ ಆಗಿರುತ್ತಾಳೆ. ಆರು ತಿಂಗಳಲ್ಲಿ ಏನಾಯಿತು? ಅವಳು ಕೆಟ್ಟಳೋ, ಅವಳನ್ನು ಕೆಡಿಸಿದರೋ?

ಧಾರಾವಾಹಿ ಅಂದರೆ ಮೂಗು ಮುರಿಯುವ ವಿದ್ಯಾವಂತರು ನಮ್ಮಲ್ಲಿ ಬಹಳ. ಅದು ಹೆಂಗಸರ ಕಾಲಹರಣ, ಅದರ ಬಗ್ಗೆ ಬರೆಯೋದೇನು ಅಂತ ಕೇಳುತ್ತಾರೆ. ಕೋಟಿಗಟ್ಟಲೆ ಜನ ದಿನಾ ಸಂಜೆ ಒಂದೇ ಹೊತ್ತಿಗೆ ಕೂತು ಯಾರಿಗೆ ಅಳಬೇಕು, ಯಾರನ್ನು ದ್ವೇಷಿಸಬೇಕು ಅಂತ ಕಲಿಯುವ ಜಾಗ ಅದು. ಯಾವ ಶಾಲೆಗೂ ಅಷ್ಟು ಹಾಜರಿ ಇಲ್ಲ. ಶಾಲೆಯ ಪಠ್ಯಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ಬೀದಿಗಿಳಿಯುವ ನಾವು ಈ ದೊಡ್ಡ ಶಾಲೆಯ ಪಠ್ಯ ಯಾರು ಬರೆದರು ಅಂತ ಕೇಳಿದ್ದು ಕಡಿಮೆ.

ಕೇಳಬೇಕು. ಕೇಳಬೇಕಾದರೆ ಈ ವಿದ್ಯೆ ಹುಟ್ಟಿದ ಜಾಗಕ್ಕೆ ಹೋಗಬೇಕು. ಅದು ಹುಟ್ಟಿದ್ದು ಅಮೆರಿಕದಲ್ಲಿ, ಸೋಪಿನ ಕಂಪನಿಗಳ ದುಡ್ಡಿನಲ್ಲಿ.

2

1930ರ ಅಕ್ಟೋಬರ್ 20ರಂದು ಚಿಕಾಗೋದ ಡಬ್ಲ್ಯುಜಿಎನ್ ರೇಡಿಯೋದಲ್ಲಿ ‘ಪೇಂಟೆಡ್ ಡ್ರೀಮ್ಸ್’ ಎಂಬ ದಿನದ ಕತೆ ಶುರುವಾಯಿತು. ಬರೆದವಳು ಇರ್ನಾ ಫಿಲಿಪ್ಸ್. ಅದಕ್ಕೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಂಗಸು. ಆ ಕತೆ ಯಾರದು ಅನ್ನುವ ಜಗಳ ಬೇಗನೇ ಬಂತು. ಬರೆದವಳು ನಾನು, ನನ್ನದು ಅಂದಳು ಇರ್ನಾ. ಸಂಬಳ ಕೊಟ್ಟವರು ನಾವು, ನಮ್ಮದು ಅಂದಿತು ರೇಡಿಯೋ. ಅವಳು ಕೋರ್ಟಿಗೆ ಹೋದಳು, ಸೋತಳು. ಈ ಕತೆಗಳ ಚರಿತ್ರೆಯ ಮೊದಲ ಪಾಠ ಇದೇ. ಕತೆ ಹೇಳುವ ಬಾಯಿ ಬೇರೆ, ಕತೆಯ ಯಜಮಾನ ಬೇರೆ.

1933ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ತನ್ನ ಆಕ್ಸಿಡಾಲ್ ಬಟ್ಟೆಸೋಪಿನ ಪುಡಿ ಮಾರುವುದಕ್ಕೆ ‘ಮಾ ಪರ್ಕಿನ್ಸ್’ ಎಂಬ ಕತೆಯನ್ನು ರೇಡಿಯೋಗೆ ತಂದಿತು. ಹಗಲು ಹೊತ್ತು ಮನೆಯಲ್ಲಿ ಒಬ್ಬಳೇ ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಹೆಂಗಸು ಇದ್ದಾಳೆ. ಅವಳ ಕೈ ದುಡಿಯುತ್ತಿದೆ, ಕಿವಿ ಖಾಲಿ ಇದೆ. ಆ ಖಾಲಿ ಕಿವಿಗೆ ಹದಿನೈದು ನಿಮಿಷದ ಕತೆ ಹಾಕು, ನಡುವೆ ಸೋಪಿನ ಹೆಸರು ಹೇಳು. ಕಂಪನಿಯ ಲೆಕ್ಕ ಅಷ್ಟೇ. ‘ಮಾ ಪರ್ಕಿನ್ಸ್’ 1960ರವರೆಗೆ ನಡೆಯಿತು. ಇಂಥ ಕತೆಗಳಿಗೆ ಸೋಪ್ ಒಪೆರಾ ಅಂತ ಹೆಸರು ಬಿತ್ತು. ಒಪೆರಾ ಅಂದರೆ ಶ್ರೀಮಂತರ ಹಾಡುನಾಟಕ. ಸೋಪಿನ ಒಪೆರಾ ಅಂದರೆ ಗೇಲಿ. ಆ ಗೇಲಿ ತಟ್ಟಿದ್ದು ಕಂಪನಿಗಲ್ಲ, ಕೇಳುತ್ತಿದ್ದ ಹೆಂಗಸರಿಗೆ.

ಇರ್ನಾ ಸುಮ್ಮನೆ ಕೂರಲಿಲ್ಲ. 1937ರಲ್ಲಿ ‘ಗೈಡಿಂಗ್ ಲೈಟ್’ ಶುರು ಮಾಡಿದಳು. ಅದು 1952ರಲ್ಲಿ ಟಿ.ವಿ.ಗೆ ಬಂತು, 2009ರಲ್ಲಿ ನಿಂತಿತು. ರೇಡಿಯೋ, ಟಿ.ವಿ. ಎರಡೂ ಸೇರಿ 72 ವರ್ಷ ಒಂದೇ ಕತೆ! ಅಜ್ಜಿ ಕೇಳಿದ್ದನ್ನು ಮೊಮ್ಮಗಳ ಮಗಳು ನೋಡಿದಳು. 

ಇಲ್ಲೇ ನಮ್ಮ ಪ್ರಶ್ನೆಯ ಬೇರು ಇರೋದು. ಸಿನಿಮಾದ ಖಳನಿಗೆ ಮೂರು ಗಂಟೆ ಆಯಸ್ಸು. ಬರುವಾಗಲೇ ಕೆಟ್ಟವನಾಗಿ ಬರುತ್ತಾನೆ, ಕೊನೆಗೆ ಏಟು ತಿಂದು ಬೀಳುತ್ತಾನೆ. ಬಯಲಾಟದ ರಾಕ್ಷಸನಿಗೆ ಒಂದು ರಾತ್ರಿ ಆಯಸ್ಸು. ಸೋಪಿನ ಕತೆಗೆ ಕೊನೆಯೇ ಇಲ್ಲ. ಸೋಪು ಮಾರಾಟ ನಿಲ್ಲಬಾರದು ಅಂದರೆ ಕತೆ ನಿಲ್ಲಬಾರದು. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ ಮದುವೆಯಾಗಿ ಸುಖವಾಗಿದ್ದರೆ ನಾಳೆ ತೋರಿಸೋದೇನು? ಒಲೆ ಉರಿಯಬೇಕಾದರೆ ಸೌದೆ ಬೇಕು. ಹೊರಗಿನಿಂದ ದಿನಕ್ಕೊಬ್ಬ ಖಳನನ್ನು ತಂದರೆ ನೋಡುವವರಿಗೆ ಅವನ ಮೇಲೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ಆದ್ದರಿಂದ ಮನೆಯ ಒಳಗಿನ ಮರವನ್ನೇ ಕಡಿದು ಒಲೆಗೆ ಹಾಕುತ್ತಾರೆ. ಜನ ಮೂರು ವರ್ಷ ಮಗಳ ಹಾಗೆ ನೋಡಿಕೊಂಡವಳು ಒಂದು ದಿನ ತಿರುಗಿ ಬಿದ್ದರೆ ಆ ಹೊಡೆತವನ್ನು ಅವರು ಮೂವತ್ತು ವರ್ಷ ಮರೆಯೋದಿಲ್ಲ.

ಹಾಗಾದರೆ ಮುಂದಿನ ಪ್ರಶ್ನೆ. ಮನೆ ತುಂಬ ಮರ ಇರುವಾಗ ಕೊಡಲಿ ಯಾವ ಮರಕ್ಕೆ ಬೀಳುತ್ತದೆ?

3

1956ರ ಏಪ್ರಿಲ್ 2ರಂದು ಇರ್ನಾ ಫಿಲಿಪ್ಸ್ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಶುರು ಮಾಡಿದಳು. ಅದುವರೆಗೆ ಟಿ.ವಿ.ಯಲ್ಲೂ ಹದಿನೈದು ನಿಮಿಷದ್ದೇ ರೂಢಿ. ಇದು ದಿನಕ್ಕೆ ಅರ್ಧ ಗಂಟೆಯದು. ಕತೆ ಓಕ್‌ಡೇಲ್ ಎಂಬ ಕಲ್ಪಿತ ಊರಿನ ಹ್ಯೂಸ್ ಮನೆತನದ್ದು. ಅಪ್ಪ ವಕೀಲ, ಮಗ ಬಾಬ್ ಡಾಕ್ಟರ್ ಆಗುವವನು. ಅನುಕೂಲಸ್ಥರು, ಮರ್ಯಾದಸ್ಥರು. ಅರ್ಧ ಗಂಟೆ ತುಂಬಿಸಲು ಓಟ ಜಿಗಿತ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಮಾತಾಡಿದರೆ ಸಾಕು. ಕ್ಯಾಮರಾ ಮುಖದ ಹತ್ತಿರ ಬಂದು ನಿಲ್ಲುತ್ತಿತ್ತು. ಬಾಯಿ ಒಂದು ಹೇಳಿದರೆ ಕಣ್ಣು ಇನ್ನೊಂದು ಹೇಳುವುದನ್ನು ಜನ ಮೊದಲ ಸಲ ಅಷ್ಟು ಹತ್ತಿರದಿಂದ ಕಂಡರು.

1960ರಲ್ಲಿ ಈ ಮನೆಗೆ ಲಿಸಾ ಮಿಲ್ಲರ್ ಬಂದಳು. ಬರೆದವರ ಲೆಕ್ಕದಲ್ಲಿ ಅವಳು ಬಾಬ್‌ನ ಗೆಳತಿ, ಪಕ್ಕದ ಮನೆಯ ಹುಡುಗಿಯ ಹಾಗೆ ಸಾಧು. ಸ್ವಲ್ಪ ದಿನ ಬಂದು ಹೋಗುವ ಪಾತ್ರ. ಐಲೀನ್ ಫುಲ್ಟನ್ ಎಂಬ ನಟಿಗೆ ಆ ಸಾಧುತನ ಬೇಸರವಾಯಿತು. ಮಾತು ಬರೆದ ಹಾಗೇ ಆಡಿದಳು, ಕಣ್ಣಲ್ಲಿ ಮಾತ್ರ ಸಣ್ಣ ಹೊಂಚು ಇಟ್ಟಳು. ಅತ್ತೆಗೆ ಸಿಹಿಯಾಗಿ ಉತ್ತರ ಕೊಟ್ಟು ಮುಖ ತಿರುಗಿಸಿಕೊಂಡಾಗ ಬೇರೆಯೇ ಮುಖ. ಬರೆಯುವವರು ಅದನ್ನು ಗಮನಿಸಿದರು, ಆ ಕಡೆಗೇ ಕತೆ ಎಳೆದರು. ಕೆಲವೇ ದಿನಕ್ಕೆ ಬಂದವಳು 2010ರಲ್ಲಿ ಕತೆ ಮುಗಿಯುವವರೆಗೂ ಅಲ್ಲೇ ಇದ್ದಳು. ಅವಳ ಮೇಲೆ ಜನರ ಸಿಟ್ಟು ಎಷ್ಟಿತ್ತೆಂದರೆ ಬೀದಿಯಲ್ಲಿ ಒಬ್ಬಾಕೆ ನಟಿಯನ್ನು ನಿಲ್ಲಿಸಿ, ನೀನು ಲಿಸಾ ಅಲ್ಲವೇ ಅಂತ ಕೇಳಿ ಹೊಡೆದಳು.

ಲಿಸಾ ಮಾಡಿದ ಅಪರಾಧ ಏನು? ಚಿಕ್ಕ ವಯಸ್ಸಿಗೆ ಮದುವೆಯಾದಳು. ಗಂಡ ಓದು, ಆಸ್ಪತ್ರೆ ಅಂತ ಹೋದ. ಅತ್ತೆ ಮಾವನ ಮನೆಯಲ್ಲಿ ಉಳಿದವಳಿಗೆ ಅದು ಸಾಕಾಗಲಿಲ್ಲ. ಬೇರೆ ಬದುಕು ಬೇಕು ಅನ್ನಿಸಿತು. ಸುಳ್ಳು ಹೇಳಿದಳು, ಗಂಡನನ್ನು ಬಿಟ್ಟು ಬೇರೊಬ್ಬನ ಕಡೆ ನೋಡಿದಳು. ಇವು ತಪ್ಪಲ್ಲ ಅಂತ ನಾನು ವಾದಿಸೋದಿಲ್ಲ. ಆದರೆ ಹ್ಯೂಸ್ ಮನೆಯ ಅಡುಗೆಮನೆಯನ್ನೇ ಲೋಕ ಅಂತ ತಿಳಿದ ಕತೆಯಲ್ಲಿ ‘ಇದು ನನಗೆ ಸಾಲದು’ ಅಂದದ್ದೇ ಅವಳ ಮೊದಲ ಪಾಪ. ಮಿಕ್ಕ ಪಾಪಗಳು ಅದರ ಬಾಲ ಹಿಡಿದು ಬಂದವು.

4

ಲಿಸಾಳಲ್ಲಿ ಅಸ್ಪಷ್ಟವಾಗಿದ್ದದ್ದು ರೇಚಲ್‌ಳಲ್ಲಿ ನಿಚ್ಚಳವಾಯಿತು. ಇರ್ನಾಳ ಶಿಷ್ಯೆ ಆ್ಯಗ್ನೆಸ್ ನಿಕ್ಸನ್ 1967ರಲ್ಲಿ ‘ಅನದರ್ ವರ್ಲ್ಡ್’ ಧಾರಾವಾಹಿಗೆ ರೇಚಲ್ ಡೇವಿಸ್ ಎಂಬ ಹುಡುಗಿಯನ್ನು ತಂದಳು. ಬಡವರ ಮನೆ. ಅಪ್ಪ ಬಿಟ್ಟು ಹೋದವನು. ಅಮ್ಮ ಏಡಾ ದುಡಿದು ಸಾಕಿದವಳು. ಈ ಗಾಯವನ್ನು ನೋಡುಗರಿಗೆ ಮುಚ್ಚಿಡಲಿಲ್ಲ, ತೋರಿಸಿದರು. ರೇಚಲ್ ಮ್ಯಾಥ್ಯೂಸ್ ಮನೆತನದ ಡಾಕ್ಟರ್ ರಸ್‌ನನ್ನು ಮದುವೆಯಾದಳು. ಡಾಕ್ಟರ ಹೆಂಡತಿಯಾದರೆ ಬಡತನ ಕಳೆಯುತ್ತದೆ ಅಂದುಕೊಂಡಳು. ಅವನಿನ್ನೂ ಕಲಿಯುತ್ತಿದ್ದ ಡಾಕ್ಟರ್, ಕೈಯಲ್ಲಿ ಕಾಸಿಲ್ಲ. ಅಷ್ಟರಲ್ಲಿ ಸ್ಟೀವ್ ಫ್ರೇಮ್ ಎಂಬ ಹಣವಂತ ಬಂದ. ಅವನು ಪ್ರೀತಿಸುತ್ತಿದ್ದದ್ದು ರಸ್‌ನ ತಂಗಿ ಆ್ಯಲಿಸ್‌ಳನ್ನು. ರೇಚಲ್ ಅವನಿಂದ ಬಸಿರಾದಳು. ಆ್ಯಲಿಸ್‌ಳ ನಿಶ್ಚಿತಾರ್ಥದ ಸಂಭ್ರಮದ ನಡುವೆ ಆ ಸುದ್ದಿಯನ್ನು ಅವಳ ಕಿವಿಗೆ ಹಾಕಿದಳು. ಅಮೆರಿಕದ ಹೆಂಗಸರು ವರ್ಷಗಟ್ಟಲೆ ರೇಚಲ್‌ಳಿಗೆ ಶಾಪ ಹಾಕಿದರು.

ಈಗ ಆ್ಯಲಿಸ್‌ಳನ್ನು ನೋಡೋಣ. ಸಾಧು, ಮೃದು, ಎಲ್ಲರೂ ಮೆಚ್ಚುವವಳು. ಯಾಕೆ ಅಷ್ಟು ಒಳ್ಳೆಯವಳು? ಅವಳಿಗೆ ಯಾವುದನ್ನೂ ಕಿತ್ತುಕೊಳ್ಳುವ ಅಗತ್ಯವೇ ಬರಲಿಲ್ಲ. ಮನೆ, ಮರ್ಯಾದೆ, ಅಣ್ಣ, ಅಪ್ಪ, ಪ್ರೀತಿಸುವವನು ಎಲ್ಲ ಕೈಗೆ ಬಂದು ಬಿದ್ದಿದ್ದವು. ಹೊಟ್ಟೆ ತುಂಬಿದವರ ಒಳ್ಳೆಯತನಕ್ಕೆ ಖರ್ಚು ಕಡಿಮೆ. ಪಂಕ್ತಿಯಲ್ಲಿ ಮೊದಲು ಕೂತವರು ‘ನನಗೆ ಸಾಕಪ್ಪಾ’ ಅನ್ನೋದು ಸುಲಭ. ಎಲೆ ಸಿಗದವರು ಕೈ ಚಾಚಿದರೆ ಅದಕ್ಕೆ ದುರಾಸೆ ಅನ್ನುವ ಹೆಸರು.

ಇದರ ಮುಂದಿನ ಭಾಗ ಇನ್ನೂ ಚೆನ್ನಾಗಿದೆ. 1970ರ ದಶಕದಲ್ಲಿ ಹಾರ್ಡಿಂಗ್ ಲಿಮೇ ಎಂಬ ಹೊಸ ಬರಹಗಾರ ಬಂದ. ರೇಚಲ್‌ಳ ಪಾತ್ರಕ್ಕೆ 1972ರಲ್ಲಿ ವಿಕ್ಟೋರಿಯಾ ವಿಂಡಮ್ ಎಂಬ ನಟಿ ಬಂದಳು. ಮೆಲ್ಲಮೆಲ್ಲನೆ ರೇಚಲ್ ಒಳ್ಳೆಯವಳಾದಳು. 1975ರಲ್ಲಿ ಮ್ಯಾಕ್ ಕೋರಿ ಎಂಬ ಪತ್ರಿಕೋದ್ಯಮದ ಧಣಿಯನ್ನು ಮದುವೆಯಾದಳು. 1999ರಲ್ಲಿ ಧಾರಾವಾಹಿ ಮುಗಿಯುವವರೆಗೆ ಅವಳೇ ಮನೆಯ ಹಿರಿಯಳು, ಊರಿನ ಗೌರವ. ಲಿಮೇ ಒಳ್ಳೆಯ ಬರಹಗಾರ, ಆ ಹೆಂಗಸಿನ ಒಳಗನ್ನು ಅರಿತು ಬರೆದ, ಇದು ನಿಜ. ಆದರೂ ಕಣ್ಣಿಗೆ ಹೊಡೆಯುವ ಸತ್ಯ ಒಂದಿದೆ. ಬಾಗಿಲ ಹೊರಗೆ ನಿಂತು ಬಡಿಯುತ್ತಿದ್ದಾಗ ಅವಳು ಖಳನಾಯಕಿ. ಒಳಗೆ ಹೋಗಿ ಬಾಗಿಲ ಚಿಲಕ ಅವಳ ಕೈಗೇ ಸಿಕ್ಕ ಮೇಲೆ ನಾಯಕಿ.

5

ಇಷ್ಟು ನೋಡಿದ ಮೇಲೆ ಇದರ ಕೈಚಳಕ ಬಿಡಿಸಿ ಹೇಳಬಹುದು. ಊರ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಿಕೊಡಬೇಕು ಅಂತಲೇ ಬಿಡಿಸುತ್ತಿದ್ದೇನೆ.

ಮೊದಲನೆಯದು, ಗಾಯ ತೋರಿಸು. ಅಪ್ಪ ಬಿಟ್ಟುಹೋದ, ಗಂಡ ತಿರುಗಿ ನೋಡಲಿಲ್ಲ, ಮನೆಯವರು ಹಂಗಿಸಿದರು. ಜನ ‘ಪಾಪ’ ಅನ್ನಲಿ. ಈ ‘ಪಾಪ’ವೇ ಮುಂದಿನ ಸಿಟ್ಟಿಗೆ ಬಂಡವಾಳ.

ಎರಡನೆಯದು, ಅವಳಿಗೆ ಸಿಗಬೇಕಾದ್ದನ್ನು ನೆಟ್ಟಗಿನ ದಾರಿಯಲ್ಲಿ ಸಿಗದ ಹಾಗೆ ಮಾಡು. ಕೇಳಿದಳು, ಕೊಡಲಿಲ್ಲ. ಕಾದಳು, ಬರಲಿಲ್ಲ. ಆಗ ಅಡ್ಡದಾರಿ ತೋರಿಸು.

ಮೂರನೆಯದು, ಅವಳು ಒಂಟಿಯಾಗಿ ಅಳುವ ದೃಶ್ಯ ನಿಲ್ಲಿಸು. ಇದೇ ಮುಖ್ಯ ತಿರುವು. ಅದೇ ಹೆಂಗಸು, ಅದೇ ಗಾಯ. ಕ್ಯಾಮರಾ ಮಾತ್ರ ಅವಳ ಕೋಣೆಗೆ ಹೋಗೋದು ಬಿಡುತ್ತದೆ. ಇನ್ನು ಅವಳನ್ನು ನಾವು ಕಾಣೋದು ಅವಳಿಂದ ನೊಂದವರ ಕಣ್ಣಿನಿಂದ.

ನಾಲ್ಕನೆಯದು, ಅವಳೆದುರಿಗೆ ಏನನ್ನೂ ಕೇಳದ ಒಬ್ಬಳನ್ನು ನಿಲ್ಲಿಸು. ಕೇಳದವಳೇ ಸದ್ಗುಣಿ.

ಐದನೆಯದು, ಸಾಯಿಸಬೇಡ. ಸತ್ತರೂ ಬದುಕಿಸು. ದ್ವೇಷವೂ ಒಂದು ಸರಕು, ಅಂಗಡಿಯಲ್ಲಿ ಅದು ಖಾಲಿಯಾಗಬಾರದು.

ಇಂಥ ಪಾತ್ರಗಳು ನೆನಪಲ್ಲಿ ಉಳಿಯೋದು ಅವರ ಕೇಡಿನಿಂದಲ್ಲ. ಒಂದು ಕಾಲಕ್ಕೆ ನಾವು ಅವರ ಚರ್ಮದೊಳಗೆ ಇದ್ದೆವು. ಅವರನ್ನು ದ್ವೇಷಿಸುವಾಗ ನಮ್ಮೊಳಗಿನ ಬಯಕೆಯನ್ನೂ ಸ್ವಲ್ಪ ದ್ವೇಷಿಸುತ್ತೇವೆ. ಪಾತ್ರೆ ತೊಳೆಯುತ್ತಾ ನೋಡುವ ಹೆಂಗಸಿಗೂ ‘ಇದು ನನಗೆ ಸಾಲದು’ ಅನ್ನಿಸಿರುತ್ತದೆ. ಅನ್ನಿಸಿದ್ದಕ್ಕೆ ಶಿಕ್ಷೆ ಏನು ಅಂತ ಲಿಸಾ, ರೇಚಲ್ ತೋರಿಸಿದರು.

6

ಹಾಗಂತ ಖಳನನ್ನು ಮಾಡುವ ವಿದ್ಯೆ ಯಾವಾಗಲೂ ಬಡವರ, ಹೆಂಗಸರ ಮೇಲೇ ಬೀಳುತ್ತದೆ ಅಂದರೆ ಅದು ಪೂರ್ತಿ ಸತ್ಯವಲ್ಲ. ಆಯುಧ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಅದು ಯಾರನ್ನು ಕಡಿಯುತ್ತದೆ ಅನ್ನೋದು ನಿಂತಿದೆ. 1979ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಒಂದೇ ವರ್ಷ ನಡೆದ ಎರಡು ಕತೆಗಳನ್ನು ಪಕ್ಕ ಪಕ್ಕ ಇಟ್ಟರೆ ಇದು ಕಾಣುತ್ತದೆ.

ಒಂದು ‘ಗೈಡಿಂಗ್ ಲೈಟ್’ನದು. ರೋಜರ್ ಥಾರ್ಪ್ 1971ರಲ್ಲಿ ಬಂದ ಪಾತ್ರ, ನಟ ಮೈಕೆಲ್ ಜಾಸ್ಲೋ. ಮಹತ್ವಾಕಾಂಕ್ಷೆಯ ಯುವಕ. ಡಾಕ್ಟರುಗಳ ಬಾವರ್ ಮನೆತನದ ಎದುರು ತಾನು ಸಣ್ಣವನು ಅನ್ನುವ ಕೀಳರಿಮೆ ಅವನನ್ನು ಒಳಗೇ ಕೊರೆಯುತ್ತಿತ್ತು. ಕೆಟ್ಟದ್ದು ಮಾಡುತ್ತಿದ್ದ, ಆದರೂ ಅವನ ನೋವು ಜನಕ್ಕೆ ತಿಳಿಯುತ್ತಿತ್ತು. 1979ರಲ್ಲಿ ಅವನು ತನ್ನ ಹೆಂಡತಿ ಹಾಲಿಯ ಮೇಲೆ ಅತ್ಯಾಚಾರ ಮಾಡುತ್ತಾನೆ. ಅವಳು ಗಂಡನ ಮೇಲೆ ದೂರು ಕೊಡುತ್ತಾಳೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1978ರ ಡಿಸೆಂಬರಿನಲ್ಲಿ, ಆರೆಗಾನ್ ರಾಜ್ಯದಲ್ಲಿ ಇಂಥದೇ ನಿಜವಾದ ಮೊಕದ್ದಮೆ ನಡೆದು ಗಂಡ ಬಿಡುಗಡೆಯಾಗಿದ್ದ. ಕೋರ್ಟು ಬಿಟ್ಟುಬಿಟ್ಟದ್ದನ್ನು ಧಾರಾವಾಹಿ ಬಿಡಲಿಲ್ಲ. ಬರೆದವರು ಬ್ರಿಜೆಟ್ ಮತ್ತು ಜೆರೋಮ್ ಡಾಬ್ಸನ್ ದಂಪತಿ. ಹೆಂಡತಿ ಅಂದರೆ ಗಂಡನ ಸೊತ್ತು ಅಂತ ನಂಬಿದ್ದ ಸಮಾಜದ ಎದುರು ಒಬ್ಬ ಗಂಡನನ್ನು ಖಳನೆಂದು ಹೆಸರಿಟ್ಟು ಕರೆದರು. ಅವನ ಬಾಲ್ಯದ ನೋವಾಗಲಿ ಕೀಳರಿಮೆಯಾಗಲಿ ಅವನ ಅಪರಾಧಕ್ಕೆ ಮಾಫಿಯಾಗಲಿಲ್ಲ.

ಇನ್ನೊಂದು ‘ಜನರಲ್ ಹಾಸ್ಪಿಟಲ್’ನದು. ಅದೇ 1979ರಲ್ಲಿ ಲ್ಯೂಕ್ ಎಂಬ ಪಾತ್ರ ಲಾರಾ ಎಂಬ ಎಳೆಯ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿತು. ಲ್ಯೂಕ್ ಹದಿಮೂರು ವಾರಕ್ಕೆ ಅಂತ ತಂದ ಪಾತ್ರ. ನಟ ಆಂಟನಿ ಗಿಯರಿ ಜನಪ್ರಿಯನಾದ, ನೋಡುವವರ ಸಂಖ್ಯೆ ಏರಿತು. ಏರುತ್ತಿರುವ ಸರಕನ್ನು ಯಾವ ವ್ಯಾಪಾರಿ ಬಿಸಾಡುತ್ತಾನೆ? ಅತ್ಯಾಚಾರವನ್ನು ಮೋಹ ಅಂತ, ಒಲಿಸಿಕೊಳ್ಳುವುದು ಅಂತ ತಿದ್ದಿದರು. 1981ರ ನವೆಂಬರ್ 16 ಮತ್ತು 17ರಂದು ಲ್ಯೂಕ್ ಮತ್ತು ಲಾರಾಗೆ ಮದುವೆ ಮಾಡಿದರು. ಸುಮಾರು 3 ಕೋಟಿ ಜನ ನೋಡಿದರು. ಹಗಲು ಧಾರಾವಾಹಿಯ ಚರಿತ್ರೆಯಲ್ಲಿ ಅಷ್ಟು ದೊಡ್ಡ ಮದುವೆ ಮತ್ತೊಂದಿಲ್ಲ. 1998ರಲ್ಲಿ, ಅಂದರೆ ಹತ್ತೊಂಬತ್ತು ವರ್ಷ ಆದ ಮೇಲೆ, ಅವರ ಮಗನಿಗೆ ಆ ಹಳೆಯ ಅತ್ಯಾಚಾರ ತಿಳಿಯುವ ಹಾಗೆ ಕತೆ ಮಾಡಿ ಸಾಲ ತೀರಿಸಲು ನೋಡಿದರು.

ಅಪರಾಧ ಒಂದೇ, ವರ್ಷ ಒಂದೇ. ಒಬ್ಬ ಖಳ, ಒಬ್ಬ ಮದುಮಗ. ಇಲ್ಲಿ ನೀತಿ ಎಲ್ಲಿದೆ? ಒಂದು ಕಡೆ ಬರೆಯುವವರ ಮನಸ್ಸಾಕ್ಷಿ ಗೆದ್ದಿತು, ಇನ್ನೊಂದು ಕಡೆ ಮಾರುಕಟ್ಟೆ ಗೆದ್ದಿತು.

ಇದು ದೂರದ ಮಾತಲ್ಲ. ನಮ್ಮ ದೇಶದಲ್ಲಿ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂತು. ಅದರ 63ನೇ ಕಲಂ ಕೂಡ ವಯಸ್ಸಿಗೆ ಬಂದ ಹೆಂಡತಿಯ ಮೇಲೆ ಗಂಡ ಮಾಡುವ ಬಲಾತ್ಕಾರವನ್ನು ಅತ್ಯಾಚಾರದಿಂದ ಹೊರಗಿಟ್ಟಿದೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ಅಂಥ ಒಂದು ಪ್ರಕರಣದಲ್ಲಿ ಗಂಡನ ಮೇಲಿನ ಆರೋಪ ಕೈಬಿಡಲು ಒಪ್ಪಲಿಲ್ಲ. ಅದೇ ವರ್ಷ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನಮ್ಮ ಧಾರಾವಾಹಿಗಳಲ್ಲಿ ಹಾಲಿಯಂಥ ಹೆಂಡತಿ ಎಷ್ಟು ಮಂದಿ ಬಂದಿದ್ದಾರೆ? ಎಣಿಸಿ ನೋಡಿ.

7

ಇನ್ನೊಂದು ಕತೆ ಹೇಳಲೇಬೇಕು. ಜಾತಿ ಮುಚ್ಚಿಟ್ಟು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

1968ರಲ್ಲಿ ಆ್ಯಗ್ನೆಸ್ ನಿಕ್ಸನ್ ‘ಒನ್ ಲೈಫ್ ಟು ಲಿವ್’ ಶುರು ಮಾಡಿದಳು. ಅದರಲ್ಲಿ ಕಾರ್ಲಾ ಬೆನಾರಿ ಎಂಬ ನಟಿಯ ಪಾತ್ರ. ನೋಡಲು ಬೆಳ್ಳಗೆ. ಇಟಲಿ ಮೂಲದವಳು ಅಂತ ಎಲ್ಲರೂ ತಿಳಿದಿದ್ದರು. ಬಿಳಿಯ ಡಾಕ್ಟರ್ ಜಿಮ್ ಕ್ರೇಗ್ ಜೊತೆ ಅವಳ ಮದುವೆ ನಿಶ್ಚಯವಾಯಿತು. ನೋಡುಗರು ಅವಳಿಗೆ ಒಳ್ಳೆಯದಾಗಲಿ ಅಂತ ಹರಸಿದರು. ಆಮೇಲೆ ಅವಳು ಪ್ರೈಸ್ ಟ್ರೇನರ್ ಎಂಬ ಕಪ್ಪು ಡಾಕ್ಟರನಿಗೆ ಒಲಿದಳು, ಅವನಿಗೆ ಮುತ್ತು ಕೊಟ್ಟಳು. ‘ಬಿಳಿಯ’ ಹೆಂಗಸು ಕಪ್ಪು ಗಂಡಸಿಗೆ ಮುತ್ತು ಕೊಟ್ಟಳು ಅಂತ ಸಿಟ್ಟಿನ ಪತ್ರಗಳು ಬಂದವು. ನಿನ್ನೆ ಹರಸಿದವರಿಗೇ ಇವತ್ತು ಅವಳು ಕೆಟ್ಟವಳು. ಕೊನೆಗೆ ಗುಟ್ಟು ಒಡೆಯಿತು. ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸೇಡಿ ಗ್ರೇ ಎಂಬ ಕಪ್ಪು ಹೆಂಗಸು ಕಾರ್ಲಾಳ ಹೆತ್ತ ತಾಯಿ! ಕಾರ್ಲಾಳೂ ಕಪ್ಪು ಜನಾಂಗದವಳೇ, ಮುಚ್ಚಿಟ್ಟು ಬದುಕುತ್ತಿದ್ದಳು.

ನಿಕ್ಸನ್ ಇಲ್ಲಿ ಹಳೆಯ ವಿದ್ಯೆಯನ್ನು ತಿರುಗುಮುರುಗು ಮಾಡಿದಳು. ಮೊದಲು ಪ್ರೀತಿಸುವಂತೆ ಮಾಡಿದಳು, ಆಮೇಲೆ ದ್ವೇಷಿಸುವ ಅವಕಾಶ ಕೊಟ್ಟಳು. ಆಮೇಲೆ ಕನ್ನಡಿ ಹಿಡಿದಳು. ಕಾರ್ಲಾ ಬದಲಾಗಿರಲಿಲ್ಲ. ಮೂಗು ಅದೇ, ಮಾತು ಅದೇ. ಬದಲಾದದ್ದು ನೋಡುವವರ ಕಣ್ಣು. ಇಲ್ಲಿ ಖಳ ಪರದೆಯ ಮೇಲೆ ಇರಲಿಲ್ಲ, ಸೋಫಾದ ಮೇಲೆ ಕೂತಿದ್ದ.

ಆ ಪಾತ್ರ ಮಾಡಿದ ಎಲೆನ್ ಹಾಲಿ ಸ್ವತಃ ಕಪ್ಪು ಜನಾಂಗದ ಕಲಾವಿದೆ. ತನಗೆ ಬಿಳಿಯ ನಟರಿಗಿಂತ ಕಡಿಮೆ ಸಂಬಳ ಕೊಟ್ಟರು, 1985ರಲ್ಲಿ ಹೊರಗೆ ಹಾಕಿದರು ಅಂತ 1996ರ ತನ್ನ ಆತ್ಮಕತೆಯಲ್ಲಿ ಆಕೆ ಬರೆದಳು. ಪರದೆಯ ಮೇಲೆ ನ್ಯಾಯ ಹೇಳಿದ ಕಡೆಯಲ್ಲೂ ಸಂಬಳದ ಪಟ್ಟಿ ಹಳೆಯದೇ. ಒಂದು ಶ್ರೀಮಂತ ಕಪ್ಪು ಕುಟುಂಬವನ್ನೇ ನಡುವೆ ಇಟ್ಟ ‘ಬಿಯಾಂಡ್ ದ ಗೇಟ್ಸ್’ ಎಂಬ ಹಗಲು ಧಾರಾವಾಹಿ ಶುರುವಾದದ್ದು 2025ರ ಫೆಬ್ರುವರಿಯಲ್ಲಿ, ಕಾರ್ಲಾ ಬಂದು ಐವತ್ತಾರು ವರ್ಷ ಕಳೆದ ಮೇಲೆ. ಅದರ ಬೆನ್ನ ಹಿಂದೆಯೂ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದೆ.

8

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿ ಬೇರೆ. 1982ರಲ್ಲಿ ಕೇಂದ್ರದ ವಾರ್ತಾ ಮಂತ್ರಿ ವಸಂತ ಸಾಠೆ ಮೆಕ್ಸಿಕೋಗೆ ಹೋದರು. ಅಲ್ಲಿ ಮಿಗೆಲ್ ಸಬಿಡೊ ಎಂಬಾತ ಜನಶಿಕ್ಷಣಕ್ಕೆ ಅಂತ ಧಾರಾವಾಹಿ ಮಾಡುತ್ತಿದ್ದ. ಒಳ್ಳೆಯದು ಮಾಡುವ ಪಾತ್ರಕ್ಕೆ ಬಹುಮಾನ, ಕೆಟ್ಟದು ಮಾಡುವ ಪಾತ್ರಕ್ಕೆ ಶಿಕ್ಷೆ, ಎರಡರ ನಡುವೆ ತೂಗಾಡಿ ಕೊನೆಗೆ ಬದಲಾಗುವ ಪಾತ್ರ ಇನ್ನೊಂದು. ಇದು ಅವನ ಸೂತ್ರ. ಅದರ ಫಲ 1984ರ ಜುಲೈ 7ರಂದು ದೂರದರ್ಶನದಲ್ಲಿ ಶುರುವಾದ ‘ಹಮ್ ಲೋಗ್’. ಬರೆದವರು ಮನೋಹರ ಶ್ಯಾಮ ಜೋಶಿ. 1985ರ ಡಿಸೆಂಬರಿನವರೆಗೆ 156 ಕಂತು. ಸೋಪಿನ ಬದಲು ಇಲ್ಲಿ ಮ್ಯಾಗಿ ನೂಡಲ್ಸ್.

ಅದರಲ್ಲಿ ಭಾಗವಂತಿ ಎಂಬ ತಾಯಿ. ಕುಡುಕ ಗಂಡ, ಬೈಯುವ ಅತ್ತೆ, ಎಲ್ಲ ನುಂಗಿಕೊಂಡು ಬಾಳುವವಳು. ಹೀಗೆ ಇರಬಾರದು ಅಂತ ತೋರಿಸಲು ಮಾಡಿದ ಪಾತ್ರ ಅದು. ಆಮೇಲೆ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಎಂಬ ಸಂಶೋಧಕರು ನೋಡುಗರನ್ನು ಕೇಳಿದಾಗ ಎಷ್ಟೋ ಮಂದಿ ಭಾಗವಂತಿಯೇ ಆದರ್ಶ ಹೆಂಗಸು ಅಂದರು! ಮನೆಯ ನಡುವಿನ ಮಗಳು ಮಝ್ಲಿ ಸಿನಿಮಾ ನಟಿಯಾಗಬೇಕು ಅಂತ ಬಯಸಿದಳು. ಬಯಸಿದ್ದಕ್ಕೆ ಮುಂಬಯಿಯಲ್ಲಿ ಮೋಸ ಹೋದಳು, ಶಿಕ್ಷೆ ತಿಂದಳು. ನುಂಗಿಕೊಂಡವಳು ದೇವತೆ, ಬಯಸಿದವಳು ಪಾಠ. ಸರ್ಕಾರ ಬರೆಸಿದರೂ, ಸೋಪಿನ ಕಂಪನಿ ಬರೆಸಿದರೂ ಜನ ಓದಿಕೊಂಡದ್ದು ಒಂದೇ ಅಕ್ಷರ.

2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ‘ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ’ ಬಂತು. ಎಂಟು ವರ್ಷ, 1800ಕ್ಕೂ ಹೆಚ್ಚು ಕಂತು. ಶ್ರೀಮಂತ ವಿರಾನಿ ಮನೆತನ, ಸೊಸೆ ತುಳಸಿ, ಗಂಡ ಮಿಹಿರ್. ಮಿಹಿರ್ ಅಪಘಾತದಲ್ಲಿ ಸತ್ತ ಅಂತ ಎಲ್ಲರೂ ನಂಬಿದಾಗ, ನೆನಪು ಕಳೆದುಕೊಂಡ ಅವನಿಗೆ ಚಿಕಿತ್ಸೆ ಕೊಟ್ಟವಳು ಡಾಕ್ಟರ್ ಮಂದಿರಾ. ಯಾರು ಎಂದು ತಿಳಿಯದ ಒಬ್ಬ ರೋಗಿಯನ್ನು ನೋಡಿಕೊಂಡಳು, ಪ್ರೀತಿಸಿದಳು. ಅವಳ ತಪ್ಪೇನು? ಅವನಿಗೆ ನೆನಪು ಬಂತು, ಮನೆಗೆ ಹೋದ. ಅವಳು ಬಾಗಿಲ ಹೊರಗೆ ಉಳಿದಳು. ಆಮೇಲೆ ಅವಳು ಕತೆಯ ದೊಡ್ಡ ಖಳನಾಯಕಿ. ಅವಳಿಗೂ ಮಿಹಿರನಿಗೂ ಹುಟ್ಟಿದ ಮಗ ಕರಣ್‌ನನ್ನು ಆ ಮನೆ ಒಳಗೆ ಕರೆದುಕೊಂಡಿತು. ಒಳಗೆ ಬಿಟ್ಟುಕೊಂಡ ತುಳಸಿ ಮಹಾತಾಯಿಯಾದಳು. ಹೆತ್ತವಳು ಮಾತ್ರ ಹೊರಗೇ. ಬೆಳೆ ಒಳಕ್ಕೆ, ಬೆಳೆದವಳು ಹೊರಕ್ಕೆ. ಈ ನ್ಯಾಯವನ್ನು ಕೂಲಿಯವರಿಗೆ ಯಾರೂ ಧಾರಾವಾಹಿಯಲ್ಲಿ ಕಲಿಸಬೇಕಾಗಿಲ್ಲ.

ಕನ್ನಡದ ಧಾರಾವಾಹಿಗಳೂ ಈ ಅಚ್ಚಿನಲ್ಲೇ ಬಹಳಷ್ಟು ಎರಕವಾಗಿವೆ. ದೊಡ್ಡ ಮನೆ, ದೊಡ್ಡ ಮೆಟ್ಟಿಲು, ಒಬ್ಬಳು ಸಹನಾಮೂರ್ತಿ, ಒಬ್ಬಳು ಹೊಂಚು ಹಾಕುವವಳು. ಹೊಂಚು ಹಾಕುವವಳ ಹಿನ್ನೆಲೆ ಕೆದಕಿದರೆ ಎಷ್ಟೋ ಸಲ ಸಿಗುವುದು ದಾಯಾದಿ ಪಾಲು ಸಿಗದವಳು, ಎರಡನೆಯ ಹೆಂಡತಿ, ಕೆಲಸದವಳ ಮಗಳು. ಅಂದರೆ ಆ ಮನೆ ಯಾರಿಗೆ ಬಾಕಿ ಉಳಿಸಿಕೊಂಡಿದೆಯೋ ಅವರೇ. ಸಾಲ ಕೊಡಬೇಕಾದವನು ಸಾಲ ಕೇಳಲು ಬಂದವನನ್ನು ಕಳ್ಳ ಅಂತ ಕೂಗಿದ ಹಾಗೆ. ವಾರಕ್ಕೊಮ್ಮೆ ಬರುವ ಟಿ.ಆರ್.ಪಿ. ಆ ಕೂಗಿಗೆ ಬೆಲೆ ಕಟ್ಟುತ್ತದೆ.

9

ಹಾಗಾದರೆ ಏನು ಮಾಡೋದು, ಟಿ.ವಿ. ಒಡೆದು ಹಾಕೋದೇ? ಬೇಡ ಗೆಳೆಯರೇ. ದಿನವಿಡೀ ದುಡಿದು ಬಂದ ಹೆಂಗಸಿನ ಅರ್ಧ ಗಂಟೆಯನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಅವಳನ್ನು ದಡ್ಡಿ ಅನ್ನುವ ಹಕ್ಕಂತೂ ಮೊದಲೇ ಇಲ್ಲ. ಐಲೀನ್ ಫುಲ್ಟನ್‌ಳ ಕಣ್ಣಿನ ಹೊಂಚನ್ನು ಬರೆಯುವವರಿಗಿಂತ ಮೊದಲು ಹಿಡಿದವರು ನೋಡುವ ಹೆಂಗಸರೇ ಇದ್ದಿರಬೇಕು. ಅವರಿಗೆ ಕಣ್ಣಿದೆ. ಆ ಕಣ್ಣಿಗೆ ಪ್ರಶ್ನೆ ಬೇಕು.

ನಾನು ಹೇಳೋದು ಸಣ್ಣ ಕೆಲಸ. ಊರ ಶಾಲೆಯಲ್ಲಿ ಶನಿವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮೇಷ್ಟ್ರು ಮಕ್ಕಳನ್ನು ಕೇಳಲಿ. ನಿಮ್ಮ ಮನೆಯಲ್ಲಿ ನೋಡುವ ಧಾರಾವಾಹಿಯಲ್ಲಿ ಕೆಟ್ಟವಳು ಯಾರು? ಅವಳು ಮೊದಲು ಹೇಗಿದ್ದಳು? ಅವಳು ಕೇಳಿದ್ದು ಏನು? ಅದು ಅವಳಿಗೆ ಸಿಗಬೇಕಾದ್ದೇ ಅಲ್ಲವೇ? ಕೊಡದೇ ಇದ್ದವರು ಯಾರು, ಕತೆ ಅವರನ್ನು ಏನಂತ ಕರೆಯುತ್ತದೆ? ಯಾವ ದಿನದಿಂದ ಅವಳು ಒಬ್ಬಳೇ ಅಳೋದನ್ನು ತೋರಿಸೋದು ಬಿಟ್ಟರು? ನಡುವೆ ಬಂದ ಜಾಹೀರಾತು ಯಾವುದರದು?

ಈ ಏಳು ಪ್ರಶ್ನೆ ಕೇಳಿದ ಮೇಲೆ ಕೆಲವು ಕೆಟ್ಟವರು ಕೆಟ್ಟವರಾಗೇ ಉಳಿಯುತ್ತಾರೆ. ರೋಜರ್ ಥಾರ್ಪ್ ಉಳಿಯುತ್ತಾನೆ, ಉಳಿಯಬೇಕು. ನೋವಿದೆ ಅಂದಮಾತ್ರಕ್ಕೆ ಇನ್ನೊಬ್ಬರ ಮೈಮೇಲೆ ಬೀಳುವ ಹಕ್ಕು ಯಾರಿಗೂ ಇಲ್ಲ. ಆದರೆ ಬಹಳ ಮಂದಿ ಕೆಟ್ಟವಳು ಅನ್ನುವ ಪಟ್ಟ ಕಳಚಿಕೊಂಡು ಬಾಕಿ ಕೇಳಲು ಬಂದವಳಾಗಿ ಎದುರು ನಿಲ್ಲುತ್ತಾರೆ. ಮಕ್ಕಳು ಈ ಪ್ರಶ್ನೆಗಳನ್ನು ಮನೆಗೆ ಒಯ್ಯುತ್ತವೆ. ಅಮ್ಮನ ಪಕ್ಕದಲ್ಲಿ ಕೂತು ಕೇಳುತ್ತವೆ. ಅಮ್ಮ ಒಂದು ಗಳಿಗೆ ಶಾಪ ನಿಲ್ಲಿಸಿ ಪರದೆಯ ಮೇಲಿನ ಆ ಮುಖವನ್ನು ಇನ್ನೊಂದು ಸಲ ನೋಡಿದರೆ ಸಾಕು. ಆ ಮುಖವನ್ನು ಅವಳು ಮೊದಲೇ ಬಲ್ಲಳು.